ಹಳೆಯ ಅಂಬಾಸಿಡರ್‌ಗೆ ಇಸುಜು ಎಂಜಿನ್ ಹಾಕಿಸುವವರು ಮೊದಲು ಚೇಂಬರ್ ಬಿಚ್ಚಿಸಿ ನೋಡಿ

ನನ್ನ ತಂದೆಯವರು ಕೊಂಡಿದ್ದ 1978ರ ಮಾರ್ಕ್ 3 ಅಂಬಾಸಿಡರ್‌ಗೆ ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಬೇರೆ ಎಂಜಿನ್ ಹಾಕಿಸಿ, 1,85,000 ರೂಪಾಯಿ ಎಣಿಸಿ ಕೊಟ್ಟು, ಐದನೆಯ ದಿನವೇ ಚಾರ್ಮಾಡಿ ಘಾಟಿಯಲ್ಲಿ ಆ ಎಂಜಿನ್ನನ್ನು ಕಳೆದುಕೊಂಡೆ. ಅದು ಕೆಟ್ಟದ್ದು ಕೆಳಗೆ ಕಟ್ಟಿದ್ದ ಆಯಿಲ್ ಸಂಪಿನಿಂದ, ಅಂದರೆ ಗ್ಯಾರೇಜಿನವರು ಚೇಂಬರ್ ಎನ್ನುವ ತಗಡಿನ ತೊಟ್ಟಿಯಿಂದ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ, ಏಕೆಂದರೆ ಆ ಗ್ಯಾರೇಜನ್ನು ಇಬ್ಬರು ಸ್ನೇಹಿತರ ಮುಂದೆ ನಾನೇ ಹೊಗಳಿದ್ದೆ. ಅವರಲ್ಲೊಬ್ಬರ ಗಾಡಿ ಆಗಲೇ ಅಲ್ಲಿ ಬಾನೆಟ್ ಬಿಚ್ಚಿಸಿಕೊಂಡು ನಿಂತಿತ್ತು.

ನಮ್ಮ ಹಳೆಯ 1489 ಸಿಸಿ ಎಂಜಿನ್ನಿಗೆ ಇನ್ನೊಮ್ಮೆ ಬೋರ್ ಮಾಡಿಸಲು, ಅಂದರೆ ಸವೆದ ಸಿಲಿಂಡರನ್ನು ಕೊರೆಸಿ ಅಗಲಿಸಲು, ಜಾಗವೇ ಉಳಿದಿರಲಿಲ್ಲ. 1990ರ ದಶಕದ ಆರಂಭದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಕಂಪೆನಿಯೇ ಅಂಬಾಸಿಡರ್‌ಗೆ 1817 ಸಿಸಿಯ ಇಸುಜು ಪೆಟ್ರೋಲ್ ಎಂಜಿನ್ನನ್ನೂ ಐದು ಗೇರಿನ ಪೆಟ್ಟಿಗೆಯನ್ನೂ ಕೂರಿಸಿತ್ತಾದ್ದರಿಂದ, ಹಳೆಯ ಗಾಡಿ ಇಟ್ಟುಕೊಂಡ ನಮ್ಮಂಥವರ ಕಣ್ಣು ಮೊದಲು ಹೋಗುವುದು ಅದರ ಮೇಲೆಯೇ. 2014ರಲ್ಲಿ ಅಂಬಾಸಿಡರ್ ತಯಾರಾಗುತ್ತಿದ್ದ ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆಯೇ ನಿಂತುಹೋದ ಮೇಲೆ ಈ ಎಂಜಿನ್ ಸಿಗುವುದು ಗುಜರಿಯಲ್ಲಿ ಮಾತ್ರ. ಗ್ಯಾರೇಜಿನ ಯಜಮಾನರು, "ಅಂಬಾಸಿಡರ್‌ದೇ ಎಂಜಿನ್ ಸರ್, ಚೇಂಬರ್, ಮೌಂಟಿಂಗ್ ಸಮೇತ ಇದೆ, ಏನೂ ಕಟಿಂಗ್ ಗಿಟಿಂಗ್ ಇಲ್ಲ" ಎಂದರು. ಏನೂ ಕಟಿಂಗ್ ಇಲ್ಲ ಎಂಬ ಆ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಇಸುಜು ಎಂಜಿನ್ ಅದೇ ಕಂಪೆನಿಯ ಇನ್ನೊಂದು ಕಾರಾದ ಕಾಂಟೆಸ್ಸಾದಲ್ಲೂ ಬಂದಿತ್ತು. ಎಂಜಿನ್ನಿನ ಬ್ಲಾಕ್ ಒಂದೇ ಜಾತಿಯದಾದರೂ ಚೇಂಬರಿನ ಆಕಾರವನ್ನು ತೀರ್ಮಾನಿಸುವುದು ಅದು ಕೂರುವ ಗಾಡಿ. ಕೆಳಗೆ ಕ್ರಾಸ್ ಮೆಂಬರ್, ಅಂದರೆ ಗಾಡಿಯ ಅಡ್ಡ ತೊಲೆ, ಎಲ್ಲಿ ಹಾದುಹೋಗುತ್ತದೆ, ಸ್ಟೀರಿಂಗ್ ರ‍್ಯಾಕ್ ಎಲ್ಲಿದೆ ಎಂಬುದನ್ನು ನೋಡಿಕೊಂಡು ಎಣ್ಣೆ ನಿಲ್ಲುವ ಆಳದ ಗುಂಡಿಯನ್ನು ಒಂದು ಗಾಡಿಗೆ ಮುಂದೆ, ಇನ್ನೊಂದಕ್ಕೆ ಹಿಂದೆ ಇಟ್ಟಿರುತ್ತಾರೆ. ಆ ಗುಂಡಿಯ ತಳದಲ್ಲೇ ಎಣ್ಣೆ ಹೀರುವ ಸ್ಟ್ರೈನರ್ ಇರಬೇಕು, ಬ್ರೇಕ್ ಹಾಕಿದಾಗ ಎಣ್ಣೆಯೆಲ್ಲ ಒಂದೇ ಕಡೆ ನುಗ್ಗದಂತೆ ಒಳಗೆ ತಡೆ ತಗಡು ಇರಬೇಕು, ಎಣ್ಣೆಯ ಮಟ್ಟ ನೋಡುವ ಕಡ್ಡಿಯ, ಅಂದರೆ ಆಯಿಲ್ ಗೇಜಿನ ಗುರುತು ಅದೇ ಚೇಂಬರಿಗೆ ಹೊಂದಬೇಕು. ಇವುಗಳಲ್ಲಿ ಒಂದನ್ನು ಬದಲಾಯಿಸಿದರೆ ಉಳಿದವೆಲ್ಲವನ್ನೂ ಬದಲಾಯಿಸಬೇಕಾಗುತ್ತದೆ. ಇದೆಲ್ಲ ನನಗೆ ಆಗ ತಿಳಿದಿರಲಿಲ್ಲ. ಅವರಿಗೆ ತಿಳಿದಿತ್ತು.

ಗಾಡಿಯನ್ನು ಕೈಗೆ ಕೊಟ್ಟ ದಿನ ಡಿಕ್ಕಿಯಲ್ಲಿ ನಾಲ್ಕು ಲೀಟರಿನ ಎಣ್ಣೆ ಡಬ್ಬಿ ಇತ್ತು. ಎತ್ತಿ ನೋಡಿದರೆ ಒಳಗೆ ಇನ್ನೂ ಒಂದು ಲೀಟರಿನಷ್ಟು ಎಣ್ಣೆ ಕುಲುಕಾಡಿತು. ಏಕೆ ಉಳಿಯಿತು ಎಂದು ಕೇಳಿದೆ. "ಗೇಜ್ ಫುಲ್ ತೋರಿಸ್ತಿದೆ ಸರ್, ಜಾಸ್ತಿ ಹಾಕಿದ್ರೆ ಸೀಲ್ ಹೋಗತ್ತೆ" ಎಂದರು. ಗೇಜನ್ನು ಎಳೆದು ಒರೆಸಿ ಮತ್ತೆ ಅದ್ದಿ ತೋರಿಸಿದರು, ಎಣ್ಣೆ ಮೇಲಿನ ಗುರುತಿಗೇ ನಿಂತಿತ್ತು. ನಾನು ನಂಬಿದೆ. ಚೇಂಬರ್ ಹಿಡಿಯಬೇಕಾದಷ್ಟು ಎಣ್ಣೆ ಹಿಡಿಯುತ್ತಿಲ್ಲವೆಂದು ಆ ಡಬ್ಬಿಯಲ್ಲಿ ಉಳಿದ ಎಣ್ಣೆಯೇ ಹೇಳುತ್ತಿತ್ತು, ಆದರೂ ನಾನು ನಂಬಿದೆ.

ಬೆಂಗಳೂರಿನಲ್ಲಿ ನಾಲ್ಕು ದಿನ ಗಾಡಿ ಬೆಣ್ಣೆಯಂತೆ ಓಡಿತು. ಐದನೆಯ ದಿನ ಅಮ್ಮನನ್ನು ಕೂರಿಸಿಕೊಂಡು ಉಜಿರೆಗೆ ಹೊರಟೆ. ಮೂಡಿಗೆರೆ ದಾಟಿದ ಮೇಲೆ ಒಂದು ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ, ಎಣ್ಣೆಯ ಒತ್ತಡ ಬಿದ್ದರೆ ಹೊತ್ತುವ ಆಯಿಲ್ ಲೈಟ್ ಕೆಂಪಗೆ ಮಿಂಚಿ ಮರೆಯಾಯಿತು. ಕೊಟ್ಟಿಗೆಹಾರದಲ್ಲಿ ಗಾಡಿ ನಿಲ್ಲಿಸಿ, ಗೇಜ್ ನೋಡಿ, ಎಣ್ಣೆ ಇದೆಯೆಂದು ಖಚಿತಪಡಿಸಿಕೊಂಡು ಗ್ಯಾರೇಜಿಗೆ ಫೋನ್ ಮಾಡಿದೆ. ಆ ಕಡೆಯಿಂದ ಬಂದ ಉತ್ತರ ಇಷ್ಟು: "ಸ್ವಿಚ್ ಲೂಸ್ ಇರತ್ತೆ ಸರ್. ವೈರ್ ತೆಗೆದಿಟ್ಟು ಆರಾಮಾಗಿ ಹೋಗಿ." ತಾವೇ ಕೊಯ್ದ ಚೇಂಬರಿನ ಮೇಲೆ ನಾನು ಘಾಟಿ ಇಳಿಯಲಿದ್ದೇನೆಂದು ತಿಳಿದೂ ಆ ಮನುಷ್ಯ ವೈರ್ ತೆಗೆಯಲು ಹೇಳಿದರು. ನಾನು ವೈರ್ ತೆಗೆಯಲಿಲ್ಲ, ಆದರೆ ಗಾಡಿಯನ್ನೂ ನಿಲ್ಲಿಸಲಿಲ್ಲ. ಪ್ರತಿ ತಿರುವಿಗೆ ಮುನ್ನ ಬ್ರೇಕ್ ಒತ್ತಿದಾಗಲೆಲ್ಲ ಲೈಟ್ ಹೊತ್ತಿಕೊಳ್ಳುತ್ತಿತ್ತು, ಕಾಲು ತೆಗೆದರೆ ಆರುತ್ತಿತ್ತು. ಅಣ್ಣಪ್ಪಸ್ವಾಮಿ ಗುಡಿ ದಾಟಿ ಕೆಲವು ತಿರುವು ಇಳಿಯುವಷ್ಟರಲ್ಲಿ ಎಂಜಿನ್ನಿನ ಹೊಟ್ಟೆಯಿಂದ ಸುತ್ತಿಗೆಯಲ್ಲಿ ಬಡಿದಂಥ ಸದ್ದು ಶುರುವಾಯಿತು. ಅಮ್ಮ, "ಅಪ್ಪನ ಗಾಡಿ ಹೀಗೆ ಯಾವತ್ತೂ ಕೂಗಿರಲಿಲ್ಲ" ಎಂದರು. ಆ ಮಾತು ಇನ್ನೂ ನನ್ನ ಕಿವಿಯಲ್ಲಿದೆ.

ಉಜಿರೆಯ ಮೆಕ್ಯಾನಿಕ್ ಚೇಂಬರ್ ಇಳಿಸಿದರು. ಎಣ್ಣೆಯನ್ನು ಅಳೆದು ನೋಡಿದರೆ ಮೂರು ಲೀಟರ್ ತುಂಬಲಿಲ್ಲ. ಅವರು ಹೊರಗಿನ ಕಪ್ಪು ಪೇಂಟನ್ನು ಸ್ಕ್ರೂಡ್ರೈವರಿನಿಂದ ಕೆರೆಯುತ್ತಾ ಹೋದಾಗ ಅದರಡಿಯಿಂದ ಹುಣ್ಣಿನ ಕಲೆಯಂತೆ ವೆಲ್ಡಿಂಗಿನ ಗೆರೆ ಎದ್ದು ಬಂತು. "ಇದು ಕಂಪೆನಿದು ಅಲ್ಲ ಮಾರಾಯ್ರೆ, ಯಾರೋ ಕೊಯ್ದು ಕೂಡಿಸಿದ್ದು" ಎಂದರು. ನಾನು ಮೋಸಹೋದೆನೆಂದು ತಿಳಿದದ್ದು ಆ ಕ್ಷಣದಲ್ಲಿ. ಕ್ರಾಸ್ ಮೆಂಬರಿಗೆ ತಾಗುತ್ತದೆಂದು ಮುಂದಿನ ಆಳದ ಭಾಗವನ್ನು ಕತ್ತರಿಸಿ, ಹಿಂದೆ ಒಂದು ಸಣ್ಣ ಪೆಟ್ಟಿಗೆ ಬೆಸೆದಿದ್ದರು. ಸ್ಟ್ರೈನರಿನ ಪೈಪಿಗೆ ತುಂಡು ಸೇರಿಸಿ ಹಿಂದಕ್ಕೆ ಎಳೆದಿದ್ದರು. ತಡೆ ತಗಡನ್ನು ಮತ್ತೆ ಹಾಕಿರಲೇ ಇಲ್ಲ. ಸಮತಟ್ಟಿನಲ್ಲಿ ಎಣ್ಣೆ ಹಿಂದಿನ ಪೆಟ್ಟಿಗೆಯಲ್ಲಿ ನಿಲ್ಲುತ್ತದೆ, ಏರಿನಲ್ಲೂ ಹಿಂದಕ್ಕೇ ಬರುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಹಾಕಿದರೆ ಇದ್ದ ಎಣ್ಣೆಯೆಲ್ಲ ಮುಂದಕ್ಕೆ ಓಡಿ ಸ್ಟ್ರೈನರ್ ಗಾಳಿಯನ್ನು ಹೀರುತ್ತದೆ. ಎಣ್ಣೆ ಸಿಗದೆ ಕನೆಕ್ಟಿಂಗ್ ರಾಡಿನ ಬೇರಿಂಗುಗಳು ಒಣಗಿ, ಕರಗಿ, ಎಂಜಿನ್ನಿನೊಳಗೆ ತಿರುಗುವ ದಂಡವಾದ ಕ್ರ್ಯಾಂಕಿಗೆ ಅಂಟಿದ್ದವು.

ಫೋಟೋಗಳನ್ನು ಕಳಿಸಿದೆ. ಮೊದಲ ಉತ್ತರ, "ಎಣ್ಣೆ ಕಡಿಮೆ ಇಟ್ಟು ಓಡಿಸಿದ್ದೀರಿ." ಅವರೇ ಹಾಕಿದ ಎಣ್ಣೆ, ಅವರೇ ತೋರಿಸಿದ ಗೇಜು! ಎರಡನೆಯದು, "ಹಳೇ ಗಾಡಿಗೆ ಎಲ್ಲರೂ ಹೀಗೇ ಮಾಡೋದು." ಹಾಗಾದರೆ ಕಟಿಂಗ್ ಇಲ್ಲವೆಂದು ಏಕೆ ಹೇಳಿದಿರಿ ಎಂದು ಕೇಳಿದ್ದಕ್ಕೆ ಬಂದ ಮೂರನೆಯ ಉತ್ತರವನ್ನು ಓದಿ ನನ್ನ ಕೈ ನಡುಗಿತು: "ಘಾಟಿಗೆ ಹೋಗ್ತೀನಿ ಅಂತ ನೀವು ಮೊದಲೇ ಹೇಳಲಿಲ್ಲವಲ್ಲ." ಗಾಡಿ ಘಾಟಿಯ ಕೆಳಗಿನ ಊರಿನದೆಂದು ಅವರಿಗೆ ಗೊತ್ತಿತ್ತು, ಆರ್‌ಸಿಯ ಪ್ರತಿ ಅವರ ಮೇಜಿನ ಮೇಲೇ ಇತ್ತು. ಕೊಯ್ಯದೆ ವಿಧಿಯಿಲ್ಲದಿದ್ದರೆ ಹಾಗೆಂದು ಹೇಳಿ, ತಡೆ ತಗಡು ಕೂರಿಸಿ, ಎಣ್ಣೆ ಅಳೆದು ಗೇಜಿಗೆ ಹೊಸ ಗುರುತು ಹಾಕಿ ಕೊಟ್ಟಿದ್ದರೆ ನಾನು ತಕರಾರೆತ್ತುತ್ತಿರಲಿಲ್ಲ. ಪೇಂಟ್ ಬಳಿದು ಮುಚ್ಚಿದ್ದನ್ನು ಮಾತ್ರ ಕ್ಷಮಿಸಲಾರೆ.

ಎಂಜಿನ್ ಕೂರಿಸುವ ಮುನ್ನ ನಿಮ್ಮ ಎದುರೇ ಚೇಂಬರ್ ಬಿಚ್ಚಿಸಿ ಒಳಹೊರಗು ನೋಡಿ, ಪೇಂಟ್ ಇದ್ದರೆ ಕೆರೆಸಿ. ಸ್ಟ್ರೈನರಿನ ಬಾಯಿಗೆ ಜೇಡಿಮಣ್ಣಿನ ಉಂಡೆ ಮೆತ್ತಿ, ಚೇಂಬರ್ ಕಟ್ಟಿ, ಮತ್ತೆ ಇಳಿಸಿ ಉಳಿದ ಮಣ್ಣಿನ ದಪ್ಪ ಅಳೆಸಿ: ಸ್ಟ್ರೈನರಿಗೂ ತಳಕ್ಕೂ ನಡುವಿನ ಆ ಅಂತರ ಎಂಟು ಹತ್ತು ಮಿಲಿಮೀಟರ್ ಇದ್ದರೆ ಸರಿ, ಸ್ಟ್ರೈನರ್ ತಳಕ್ಕೆ ಅಂಟಿದ್ದರೆ ಎಣ್ಣೆ ಏರದು, ಬಹಳ ಮೇಲಿದ್ದರೆ ಗಾಳಿ ಹೀರುತ್ತದೆ. ಚೇಂಬರಿನ ತಳ ಕ್ರಾಸ್ ಮೆಂಬರಿಗಿಂತ ಕೆಳಗೆ ಜೋತುಬಿದ್ದಿದ್ದರೆ ನಮ್ಮ ರಸ್ತೆಗಳ ಹಂಪು ಅದನ್ನು ಬಿಡುವುದಿಲ್ಲ. ಲೈಟ್ ಹೊತ್ತುವುದು ಒತ್ತಡ ತೀರಾ ಬಿದ್ದ ಮೇಲೆ, ಆದ್ದರಿಂದ ಮುಳ್ಳಿನ ಆಯಿಲ್ ಪ್ರೆಶರ್ ಮೀಟರ್ ಹಾಕಿಸಿ. ಲೈಟ್ ಹೊತ್ತಿದರೆ ಯಾರು ಏನೇ ಹೇಳಲಿ, ಎಂಜಿನ್ ಆಫ್ ಮಾಡಿ.

ನನ್ನ ಸ್ನೇಹಿತರು ತಮ್ಮ ಗಾಡಿಯನ್ನು ಅಲ್ಲಿಂದ ಎಳೆಸಿಕೊಂಡು ಬಂದಿದ್ದಾರೆ. ನಮ್ಮ ಹಳೆಯ ಎಂಜಿನ್ನನ್ನಾದರೂ ಮರಳಿಸಿ ಎಂದು ಕೇಳಿದ್ದೆ, ಆರ್‌ಸಿಯಲ್ಲಿರುವುದು ಅದರ ನಂಬರೇ, ಹೊಸದರ ನಂಬರನ್ನು ಆರ್‌ಟಿಒದಲ್ಲಿ ಇನ್ನೂ ಬರೆಸಿಯೇ ಇರಲಿಲ್ಲ. "ಅದನ್ನ ಅವತ್ತೇ ಗುಜರಿಗೆ ಹಾಕಿದ್ವಿ ಸರ್" ಎಂದರು. ಯಾವ ಗುಜರಿ ಎಂದು ಕೇಳಿ ಹನ್ನೊಂದು ದಿನವಾಯಿತು, ಈಗ ಫೋನ್ ಎತ್ತುತ್ತಿಲ್ಲ.