ಮಠದ ಹೆಣ, ಹಡಗಿನ ದೆವ್ವ: ಮೂರು ಕಾದಂಬರಿ, ಒಂದು ಬಸ್ ಸೀಟು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸನ್ಯಾಸಿ ಪತ್ತೇದಾರ ಕ್ಯಾಡ್‌ಫೆಲ್‌ಗೆ. ಹಳೇ ಕಾಲದ ಕೊಲೆ, ಜೊತೆಗೆ ಒಂದಿಷ್ಟು ದೆವ್ವ, ಪವಾಡ, ಶಾಪ ಇರೋ ಪತ್ತೇದಾರಿ ಕಾದಂಬರಿ ಹುಡುಕುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಓದುವುದು ದಾವಣಗೆರೆ–ಚಿತ್ರದುರ್ಗ ಬಸ್ಸಿನಲ್ಲಿ, ಕೆಲಸಕ್ಕೆ ಹೋಗುವಾಗ, ಬರುವಾಗ. ಮೂರೂ ಪುಸ್ತಕ ಇಂಗ್ಲಿಷ್‌ನಲ್ಲೇ ಓದಿದ್ದು.

ಹೊಸ ಪ್ರತಿಗೇ ದುಡ್ಡು ಹಾಕಿದ್ದು ಉಂಬರ್ಟೊ ಎಕೊ ಅವರ ‘ದಿ ನೇಮ್ ಆಫ್ ದಿ ರೋಸ್’ಗೆ. ಇಟಾಲಿಯನ್‌ನಲ್ಲಿ 1980ರಲ್ಲಿ ಬಂದ ಕಾದಂಬರಿ. ಕತೆ ನಡೆಯುವುದು 1327ರಲ್ಲಿ, ಇಟಲಿಯ ಬೆಟ್ಟದ ಮೇಲಿನ ಒಂದು ಕ್ರೈಸ್ತ ಮಠದಲ್ಲಿ. ಏಳು ದಿನ, ಒಂದರ ಹಿಂದೊಂದು ಸಾವು. ಒಂದು ಹೆಣವಂತೂ ಹಂದಿ ರಕ್ತದ ಹಂಡೆಯಲ್ಲಿ ತಲೆಕೆಳಗಾಗಿ ಸಿಗುತ್ತದೆ. ಬೈಬಲಿನ ಕೊನೆಯ ಭಾಗದಲ್ಲಿ ಪ್ರಳಯದ ಏಳು ತುತ್ತೂರಿಗಳು ಬರುತ್ತವೆ. ಒಂದೊಂದು ಊದಿದಾಗಲೂ ಒಂದೊಂದು ಅನಾಹುತ. ಮೊದಲನೆಯದಕ್ಕೆ ಆಲಿಕಲ್ಲು, ಎರಡನೆಯದಕ್ಕೆ ರಕ್ತ. ಸಾವುಗಳೂ ಅದೇ ಸಾಲಿನಲ್ಲಿ ಬರುತ್ತಿವೆ ಅನ್ನೋ ಭಯ ಮಠವನ್ನು ಹಿಡಿಯುತ್ತದೆ. ಓದುವ ನಮಗೂ ಹಿಡಿಯುತ್ತದೆ, ಸುಳ್ಳು ಹೇಳಲ್ಲ.

ಆದರೆ ಆ ಲ್ಯಾಟಿನ್! ಇಂಗ್ಲಿಷ್ ಅನುವಾದದಲ್ಲೂ ಲ್ಯಾಟಿನ್ ಸಾಲುಗಳನ್ನು ಹಾಗೇ ಬಿಟ್ಟಿದ್ದಾರೆ. ಒಂದೆರಡು ಮಾತಾಗಿದ್ದರೆ ಅಂದಾಜಿನಲ್ಲಿ ಓದಿಕೊಂಡು ಹೋಗಬಹುದಿತ್ತು. ಇಲ್ಲಿ ಸನ್ಯಾಸಿಗಳು ಜಗಳ ಕಾವೇರಿದಾಗಲೇ ಲ್ಯಾಟಿನ್‌ಗೆ ಜಾರುತ್ತಾರೆ. ನನ್ನ ಪ್ರತಿಯಲ್ಲಿ ಅರ್ಥದ ಪಟ್ಟಿಯೂ ಇಲ್ಲ.

ಒಂದು ಕೈಯಲ್ಲಿ ದಪ್ಪ ಪುಸ್ತಕ, ಇನ್ನೊಂದರಲ್ಲಿ ಮೊಬೈಲು, ತೊಡೆ ಮೇಲೆ ಊಟದ ಡಬ್ಬಿ. ಒಂದೊಂದೇ ಅಕ್ಷರ ಒತ್ತಿ ಅರ್ಥ ಹುಡುಕುವಷ್ಟರಲ್ಲಿ ನೆಟ್‌ವರ್ಕ್ ಹೋಗಿರುತ್ತದೆ. ಭರಮಸಾಗರ ದಾಟಿದರೂ ಅದೇ ಪುಟ. ಸಾಲ್ವತೋರೆ ಅನ್ನೋ ಸನ್ಯಾಸಿ ಬಾಯಿ ತೆರೆದರಂತೂ ಮುಗೀತು. ನಾಲ್ಕಾರು ಭಾಷೆ ಕಲಸಿ ಮಾತಾಡುತ್ತಾನೆ, ಯಾವ ಆ್ಯಪ್‌ಗೂ ಜಗ್ಗಲ್ಲ. ಮೊದಲ ನೂರು ಪುಟ ಕಡಿಮೆ ಮಾಡಿ ಅಂತ ಗೆಳೆಯರು, ಸಂಪಾದಕರು ಹೇಳಿದರೂ ಎಕೊ ಒಪ್ಪಲಿಲ್ಲವಂತೆ. ಆ ಮಠದೊಳಗೆ ಬರುವವರು ಅದರ ನಡಿಗೆಗೆ ಹೊಂದಿಕೊಳ್ಳಲಿ ಅನ್ನೋದು ಅವರ ವಾದ. ರಜೆ ಇದ್ದವರು ಹೊಂದಿಕೊಳ್ಳಲಿ. ನನಗೆ ಎಂಟೂವರೆ ಬಸ್ಸು.

ಸ್ಟುವರ್ಟ್ ಟರ್ಟನ್ ಅವರ ‘ದಿ ಡೆವಿಲ್ ಅಂಡ್ ದಿ ಡಾರ್ಕ್ ವಾಟರ್’ (2020) ಕತೆಯ ಓಟದಲ್ಲಿ ಎಲ್ಲಕ್ಕಿಂತ ಮುಂದು. 1634ರಲ್ಲಿ ಬಟಾವಿಯಾದಿಂದ, ಅಂದರೆ ಈಗಿನ ಜಕಾರ್ತಾದಿಂದ, ಆಮ್‌ಸ್ಟರ್‌ಡ್ಯಾಮ್‌ಗೆ ಹೊರಟ ಡಚ್ ಹಡಗು. ಹತ್ತುವ ಮೊದಲೇ ಒಬ್ಬ ಕುಷ್ಠರೋಗಿ ಹಡಗಿಗೆ ಶಾಪ ಹಾಕಿ, ಮೈಗೆ ಬೆಂಕಿ ಹತ್ತಿ ಉರಿದು ಬೀಳುತ್ತಾನೆ. ನೋಡಿದರೆ ಅವನಿಗೆ ನಾಲಿಗೆಯೇ ಇಲ್ಲ. ಇದಕ್ಕಿಂತ ಒಳ್ಳೆ ಶುರು ಬೇಕಾ? ಪತ್ತೇದಾರನನ್ನೇ ಕೈದಿ ಮಾಡಿ ಕತ್ತಲ ಕೋಣೆಗೆ ತಳ್ಳಿರುವುದೂ ಚೆನ್ನಾಗಿದೆ. ಆದರೆ ಜನ ಮಾತಾಡುವುದು ನಿನ್ನೆ ಮೊನ್ನೆಯವರ ಥರ. ಕೊನೆಯ ಟಿಪ್ಪಣಿಯಲ್ಲಿ ಲೇಖಕರೇ ಇತಿಹಾಸದ ಕ್ಷಮೆ ಕೇಳಿದ್ದಾರೆ. ಒಮ್ಮೆ ಓದಲು ಅಡ್ಡಿಯಿಲ್ಲ.

ಇನ್ನು ನಮ್ಮವನು. ಎಲ್ಲಿಸ್ ಪೀಟರ್ಸ್ ಅವರ ‘ಎ ಮಾರ್ಬಿಡ್ ಟೇಸ್ಟ್ ಫಾರ್ ಬೋನ್ಸ್’, 1977. ಹಳೇ ಪುಸ್ತಕದ ರಾಶಿಯಲ್ಲಿ ಸಿಕ್ಕಿದ್ದು, ಎಕೊಗೆ ಕೊಟ್ಟಿದ್ದರಲ್ಲಿ ಕಾಲು ಭಾಗವೂ ಆಗಲಿಲ್ಲ. ಕ್ಯಾಡ್‌ಫೆಲ್ ಮೊದಲು ಕ್ರೈಸ್ತರ ಧರ್ಮಯುದ್ಧಕ್ಕೆ (ಕ್ರುಸೇಡ್) ಹೋಗಿಬಂದ ಸಿಪಾಯಿ, ಈಗ ಇಂಗ್ಲೆಂಡಿನ ಶ್ರೂಸ್‌ಬರಿ ಮಠದಲ್ಲಿ ಗಿಡಮೂಲಿಕೆ ಬೆಳೆಯುವ ಸನ್ಯಾಸಿ. 1137ನೇ ಇಸವಿ. ಮಠದ ಹೆಸರು ಬೆಳೆಯಲಿ ಅಂತ ವೇಲ್ಸ್‌ನ ಹಳ್ಳಿಯೊಂದರಿಂದ ಸಂತ ವಿನಿಫ್ರೆಡ್ ಅವರ ಮೂಳೆಗಳನ್ನು ತರಲು ಮಠದವರು ಹೊರಡುತ್ತಾರೆ. ಸಂತಳೇ ಕನಸಿನಲ್ಲಿ ಬಂದು ಕರೆದಳು ಅನ್ನೋದು ಅವರ ಮಾತು. ದುಗ್ಗಮ್ಮನ್ನ ಪೆಟ್ಟಿಗೆಗೆ ತುಂಬಿಕೊಂಡು ಹೋಗ್ತೀವಿ ಅಂತ ಯಾರಾದರೂ ಬಂದರೆ ದಾವಣಗೆರೆಯವರು ಬಿಡುತ್ತಾರಾ? ಆ ಹಳ್ಳಿಯವರೂ ಬಿಡಲ್ಲ. ಎದುರು ನಿಂತ ಜಮೀನ್ದಾರ ಎದೆಗೆ ಬಾಣ ನೆಟ್ಟು ಸತ್ತು ಬಿದ್ದಿರುತ್ತಾನೆ. ಸಂತಳ ಕೋಪ ಅಂತ ಕೆಲವರು, ಮನುಷ್ಯರ ಕೆಲಸ ಅಂತ ಕ್ಯಾಡ್‌ಫೆಲ್.

ನನಗೆ ಹಿಡಿಸಿದ್ದು ಇಲ್ಲೇ. ಅವನು ಜನರ ನಂಬಿಕೆಯನ್ನು ಗೇಲಿ ಮಾಡಲ್ಲ. ಅದರಲ್ಲಿ ಕಳ್ಳಾಟ ಆಡುವವರನ್ನು ಮಾತ್ರ ಹಿಡಿಯುತ್ತಾನೆ. ವೇಲ್ಸ್‌ನ ಹೆಸರುಗಳು ಸ್ವಲ್ಪ ತೊಡಕು, ಅಷ್ಟೇ. ಪುಸ್ತಕ ತೆಳು, ಒಂದೇ ಕೈಯಲ್ಲಿ ಹಿಡಿಯಬಹುದು.

ಈ ಸರಣಿಯಲ್ಲಿ ಒಟ್ಟು 20 ಕಾದಂಬರಿ. ಮುಂದೆ ನನ್ನ ದುಡ್ಡೆಲ್ಲ ಅವಕ್ಕೇ. ಮೂರನೆಯದರಲ್ಲಿ ಕ್ಯಾಡ್‌ಫೆಲ್ ನೋವಿಗೆಂದು ಕಾಸಿದ ಎಣ್ಣೆಯೇ ಯಾರದೋ ಊಟಕ್ಕೆ ವಿಷವಾಗುತ್ತದೆ. ಒಂದನೆಯದು ಸಿಗದಿದ್ದರೆ ಅದರಿಂದಲೇ ಶುರು ಮಾಡಿ, ತೊಂದರೆಯಿಲ್ಲ. ಹಡಗಿನ ಪುಸ್ತಕ ಅರ್ಧ ಬೆಲೆಗೆ ಕೊಡುತ್ತೇನೆ, ಊರಿನವರು ಬಂದು ತಗೊಳ್ಳಬಹುದು.