ಲಡಾಖಿನ ಮಾರ್ಮಟ್ ನೋಡಲು 8×42 ಬೈನಾಕ್ಯುಲರ್: ಶಿರಸಿಯವರೊಬ್ಬರ ಅಭಿಪ್ರಾಯ

ಲಡಾಖಿಗೆ ಹೊರಟವರು ದೊಡ್ಡ ಕ್ಯಾಮೆರಾಕ್ಕೆ ದುಡ್ಡು ಹಾಕುವ ಮೊದಲು ಒಂದು ಒಳ್ಳೆ ಬೈನಾಕ್ಯುಲರ್ ತಗೊಳ್ಳಿ. ನನ್ನದು 8×42, ಬೆಲೆ 14,000 ರೂಪಾಯಿ ಹತ್ತಿರ. ಕಂಪನಿ ಹೆಸರಿಗಿಂತ ಈ ಅಳತೆ ಮುಖ್ಯ. 8 ಅಂದರೆ ಎಂಟು ಪಟ್ಟು ಹತ್ತಿರ ಕಾಣುತ್ತದೆ. 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ಅಂಗಡಿಯಲ್ಲಿ 10×42 ತೋರಿಸಿದರೆ ಬೇಡ ಅನ್ನಿ. ಪ್ಯಾಂಗಾಂಗ್ ಸರೋವರ ಇರುವುದು 4,200 ಮೀಟರಿಗಿಂತ ಎತ್ತರದಲ್ಲಿ. ನಮ್ಮ ಕಡೆಯವರಿಗೆ ಅಲ್ಲಿ ನಾಲ್ಕು ಹೆಜ್ಜೆ ನಡೆದರೂ ಏದುಸಿರು, ಮೇಲೆ ಗಾಳಿ ಬೇರೆ. ಕೈ ನಡುಗಿದಷ್ಟೂ ಹತ್ತು ಪಟ್ಟಿನದರಲ್ಲಿ ಚಿತ್ರ ಜಾಸ್ತಿ ಕುಣಿಯುತ್ತದೆ.

ಪ್ಯಾಂಗಾಂಗಿಗೆ ಹೋಗುವ ದಾರಿಯ ಹುಲ್ಲುಗಾವಲಲ್ಲೇ ಹಿಮಾಲಯದ ಮಾರ್ಮಟ್‌ಗಳಿರುವುದು. ನಮ್ಮ ತೋಟದ ಕೆಂದಳಿಲಿನ ಕುಟುಂಬಕ್ಕೇ ಸೇರಿದ ಪ್ರಾಣಿ. ಆದರೆ ಮರ ಇಲ್ಲದ ಊರು, ಹಾಗಾಗಿ ಮನೆಯೆಲ್ಲ ನೆಲದೊಳಗೆ. ರಸ್ತೆ ಬದಿಯ ಬಂಡೆಗೆ ಮೊಣಕೈ ಊರಿ ನೋಡಿದೆ. ಒಂದು ಬಿಲದ ಬಾಯಲ್ಲಿ ಹಿಂಗಾಲ ಮೇಲೆ ನೆಟ್ಟಗೆ ನಿಂತಿತ್ತು. ಮುಂಗಾಲು ಎದೆಗೆ ಒತ್ತಿಕೊಂಡು, ಕತ್ತು ಮಾತ್ರ ತಿರುಗಿಸುತ್ತಿತ್ತು. ಹಳದಿ ಬಿದ್ದ ಮುಂಹಲ್ಲು, ಮೂತಿಗೆ ಅಂಟಿದ ಮಣ್ಣು ಕೂಡ ಕಂಡಿತು. ಇನ್ನೆರಡು ಎದುರಾದವು, ಮೂಗಿಗೆ ಮೂಗು ತಾಗಿಸಿ ಮತ್ತೆ ಮೇಯಲು ಹೋದವು. ಅಷ್ಟರಲ್ಲಿ ಕಾವಲಿನದು ಕಿವಿ ಸೀಳುವ ಹಾಗೆ ಸಿಳ್ಳೆ ಹಾಕಿತು. ಎಲ್ಲವೂ ಬಿಲ ಸೇರಿದವು. ಹದ್ದೂ ಬಂದಿರಲಿಲ್ಲ, ತೋಳವೂ ಬಂದಿರಲಿಲ್ಲ. ಬಂದಿದ್ದು ಒಂದು ಟ್ಯಾಕ್ಸಿ, ಇಳಿದವರ ಕೈಯಲ್ಲಿ ಬಿಸ್ಕೆಟ್ ಪ್ಯಾಕೆಟ್.

ನನಗೆ ಸಂಕಟ ಆಗುವುದು ಇಲ್ಲೇ. ವರ್ಷದಲ್ಲಿ ಆರು ತಿಂಗಳಿಗೂ ಹೆಚ್ಚು ಕಾಲ ಅವು ಬಿಲದೊಳಗೆ ಒಟ್ಟಿಗೆ ಮಲಗಿರುತ್ತವೆ. ಮೈಯಲ್ಲಿ ಕೂಡಿಟ್ಟ ಕೊಬ್ಬಿನಲ್ಲೇ ಚಳಿಗಾಲ ಕಳೆಯಬೇಕು. ಹುಲ್ಲು ಬೇರು ತಿಂದು ಆ ಕೊಬ್ಬು ಬೆಳೆಸಲು ಸಿಗುವುದು ಬೇಸಿಗೆಯ ಕೆಲವೇ ತಿಂಗಳು. ಆ ಹೊತ್ತಲ್ಲಿ ನಾವು ಬೆನ್ನಟ್ಟಿ ಮೇವು ಬಿಡಿಸುವುದು, ಸಕ್ಕರೆ ಮೈದಾ ತಿನ್ನಿಸುವುದು ಸರಿನಾ? ಟಿಬೆಟ್ ಪ್ರಸ್ಥಭೂಮಿಯಲ್ಲಿ ಪ್ಲೇಗ್ ರೋಗಾಣು ಇಟ್ಟುಕೊಳ್ಳುವ ಪ್ರಾಣಿಯೂ ಇದೇ ಜಾತಿ. ಮುಟ್ಟದೆ ಇರುವುದು ನಮಗೂ ಒಳ್ಳೆಯದು. ಕೈಯಲ್ಲಿ ಬೈನಾಕ್ಯುಲರ್ ಇದ್ದರೆ ಹತ್ತಿರ ಹೋಗಬೇಕು ಅಂತ ಅನ್ನಿಸುವುದೇ ಇಲ್ಲ.

ಕಲ್ಲುರಾಶಿಗಳ ನಡುವೆ ಪೈಕಾ ಕೂಡ ಕಂಡಿತು. ಬಾಲವಿಲ್ಲದ ಇಲಿಯಂತೆ ಕಾಣುತ್ತದೆ, ಆದರೆ ಮೊಲದ ಕಡೆಯದು. ಅದು ಚಳಿಗಾಲವಿಡೀ ಎದ್ದೇ ಇರುತ್ತದೆ! ತುಂಬಾ ಚುರುಕು, ಫೋಕಸ್ ಚಕ್ರ ತಿರುಗಿಸುವಷ್ಟರಲ್ಲಿ ಮಾಯ.

ಕೊರತೆ ಹೇಳುವುದಾದರೆ, ಮೂರು ಮೀಟರಿಗಿಂತ ಹತ್ತಿರದ್ದು ಮಸುಕು. ಹಾಗಾಗಿ ಅಂಗಳದ ಚಿಟ್ಟೆಗೆ ಇದು ಆಗುವುದಿಲ್ಲ. ಅರ್ಧ ಕೆಜಿ ಮೇಲಿನ ಭಾರ, ಕುತ್ತಿಗೆಗೆ ಅಗಲದ ಪಟ್ಟಿ ಬೇಕೇ ಬೇಕು. ಕನ್ನಡಕ ಹಾಕುವವರು ಕಣ್ಣಿನ ಕಡೆಯ ರಬ್ಬರ್ ಒಳಗೆ ತಿರುಗಿಸಿಕೊಳ್ಳಿ. ನೀರು ಹೋಗದಂತೆ ಸೀಲ್ ಮಾಡಿ ನೈಟ್ರೋಜನ್ ತುಂಬಿದ್ದನ್ನೇ ಕೇಳಿ ತಗೊಳ್ಳಿ. ಹಾಗಿದ್ದರೂ ಶಿರಸಿ ಮಳೆಗಾಲದಲ್ಲಿ ಗಾಜಿನ ಮೇಲೆ ಬೂಸ್ಟು ಬರುತ್ತದೆ. ಜೂನ್ ಶುರುವಾಗುತ್ತಲೇ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಚರ್ಮದ ಚೀಲದಲ್ಲಿ ಮಾತ್ರ ಬೇಡ.