ಕಿವಿ ಮಂದವಾದ ಅಪ್ಪನ ಜೊತೆ ಬಸ್ಟರ್ ಕೀಟನ್: ಆರು ವರ್ಷ ನೋಡಿದ ಡಿವಿಡಿ ಸೆಟ್

ಈ ಸೆಟ್ ನಮ್ಮ ಮನೆಗೆ ಬಂದು ಆರು ವರ್ಷ ಆಯಿತು. ಅಮೆರಿಕದ ಹಾಸ್ಯನಟ ಬಸ್ಟರ್ ಕೀಟನ್ 1920ರಿಂದ 1928ರವರೆಗೆ ಮಾಡಿದ ಮೂಕಿ ಚಿತ್ರಗಳು ಇದರಲ್ಲಿವೆ. ದೊಡ್ಡ ಚಿತ್ರಗಳ ಜೊತೆ ಎರಡು ರೀಲಿನ ಚಿಕ್ಕ ಚಿತ್ರಗಳೂ ಇವೆ. ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗ ಊರಿಗೆ ಬರುವಾಗ ತಂದುಕೊಟ್ಟ. ಅಗ್ಗದ್ದೇನಲ್ಲ. ಆದರೆ ನಮ್ಮ ಮನೆಯಲ್ಲಿ ಇಷ್ಟು ಸಲ ನೋಡಿದ ವಸ್ತು ಇನ್ನೊಂದಿಲ್ಲ.

ನಮ್ಮದು ರಬಕವಿ-ಬನಹಟ್ಟಿ. ಅಪ್ಪ ಮೂವತ್ತೆಂಟು ವರ್ಷ ಪಾವರ್‌ಲೂಮ್ ನಡೆಸಿದವರು. ಒಂದು ಶೆಡ್ಡಿನಲ್ಲಿ ಎಂಟು ಮಗ್ಗ ಒಟ್ಟಿಗೆ ಓಡಿದರೆ ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ. ಲಾಳಿ ನಿಮಿಷಕ್ಕೆ ನೂರು ಸಲಕ್ಕಿಂತ ಜಾಸ್ತಿ ಬಡಿಯುತ್ತದೆ. ಅಲ್ಲಿ ಎಲ್ಲವೂ ಕೈಸನ್ನೆ. ಹಾಸಿನ ಎಳೆ ಹರಿದರೆ ಎರಡು ಬೆರಳು ಕತ್ತರಿಯಂತೆ ಆಡಿಸುತ್ತಾರೆ, ಕಂಡಿಕಿ (ಲಾಳಿಯೊಳಗಿನ ನೂಲಿನ ಸುರುಳಿ) ಮುಗಿದರೆ ಖಾಲಿ ಅಂಗೈ ತೋರಿಸುತ್ತಾರೆ. ಅಷ್ಟು ವರ್ಷ ಆ ಸದ್ದಿನಲ್ಲಿ ನಿಂತು ಅಪ್ಪನ ಕಿವಿ ಮಂದವಾಯಿತು. ಸದ್ದು ಕೇಳುತ್ತದೆ, ಮಾತು ಬಿಡಿಸಿ ತಿಳಿಯುವುದಿಲ್ಲ. ಕಿವಿಯ ಮಷಿನ್ ಹಾಕಿದರೆ ಸದ್ದು ದೊಡ್ಡದಾಗುತ್ತದೆಯೇ ಹೊರತು ಮಾತು ತಿಳಿಯಾಗುವುದಿಲ್ಲ ಅಂತ ತೆಗೆದಿಡುತ್ತಾರೆ.

ಟಿವಿಯಲ್ಲಿ ಕಾಮಿಡಿ ಬಂದಾಗ ಏನಾಗುತ್ತಿತ್ತು ಅಂದರೆ, ನಾವೆಲ್ಲ ಮೊದಲು ನಗುತ್ತಿದ್ದೆವು. ಅಪ್ಪ ನಮ್ಮ ಮುಖ ನೋಡಿ, ಒಂದು ಕ್ಷಣ ಬಿಟ್ಟು ನಗುತ್ತಿದ್ದರು. ನಮಗೆ ಬೇಜಾರಾಗಬಾರದು ಅಂತ ನಗುವ ನಗು ಅದು. ಅದನ್ನು ನೋಡುವುದು ನನಗೆ ತುಂಬಾ ಕಷ್ಟವಾಗುತ್ತಿತ್ತು. ಮೂಕಿ ಚಿತ್ರ ತೋರಿಸೋಣ ಅನ್ನುವ ಯೋಚನೆ ಬಂದದ್ದೇ ಅದರಿಂದ.

ಮೊದಲು ಬೆಳಗಾವಿಯ ಒಂದು ಅಂಗಡಿಯಲ್ಲಿ 99 ರೂಪಾಯಿಗೆ 'ದಿ ಜನರಲ್' ಚಿತ್ರದ ಒಂಟಿ ಡಿಸ್ಕ್ ಕೊಂಡಿದ್ದೆ. ಅದು ಕೆಟ್ಟ ಅನುಭವ. ಚಿತ್ರ ಹಾಲು ಚೆಲ್ಲಿದ ಹಾಗೆ ಬೆಳ್ಳಗಿತ್ತು, ಮುಖವೇ ಕಾಣುತ್ತಿರಲಿಲ್ಲ. ಎಲ್ಲರೂ ಇರುವೆಗಳ ಹಾಗೆ ಗಡಿಬಿಡಿಯಲ್ಲಿ ಓಡುತ್ತಿದ್ದರು. ಇದಕ್ಕೆ ಕಾರಣ ಆಮೇಲೆ ತಿಳಿಯಿತು. ಮೂಕಿ ಕಾಲದಲ್ಲಿ ಕ್ಯಾಮೆರಾದ ಹಿಡಿಕೆಯನ್ನು ಕೈಯಿಂದ ತಿರುಗಿಸುತ್ತಿದ್ದರು. ಸೆಕೆಂಡಿಗೆ ಇಷ್ಟೇ ಚೌಕಟ್ಟು (ಫ್ರೇಮ್) ಅನ್ನುವ ಲೆಕ್ಕ ಇರಲಿಲ್ಲ. 24 ಅಂತ ಗಟ್ಟಿಯಾದದ್ದು ಮಾತಿನ ಚಿತ್ರ ಬಂದ ಮೇಲೆ. ನಿಧಾನ ತಿರುಗಿಸಿ ತೆಗೆದ ಚಿತ್ರವನ್ನು ಹಾಗೇ 24ರಲ್ಲಿ ಓಡಿಸಿದರೆ ಮನುಷ್ಯರು ಕುಣಿದ ಹಾಗೆ ಕಾಣುತ್ತಾರೆ. ಹಳೇ ಮೂಕಿ ಚಿತ್ರ ಅಂದರೆ ಹಾಗೇ ಇರುತ್ತದೆ ಅಂತ ನಾವೆಲ್ಲ ತಿಳಿದಿದ್ದೇವೆ, ಅಲ್ವಾ? ಅದು ಚಿತ್ರದ ತಪ್ಪಲ್ಲ, ಡಿಸ್ಕ್ ಮಾಡಿದವರ ತಪ್ಪು.

ಈ ಸೆಟ್ಟಿನಲ್ಲಿ ಆ ತೊಂದರೆ ಇಲ್ಲ. ಒಳ್ಳೆಯ ಪ್ರಿಂಟಿನಿಂದ ಮಾಡಿದ್ದಾರೆ, ವೇಗ ಸರಿಯಾಗಿದೆ. ಗೀರು, ಕಲೆ ಅಲ್ಲಲ್ಲಿ ಇವೆ, ಆದರೆ ಕಣ್ಣಿನ ರೆಪ್ಪೆ ಆಡುವುದೂ ಕಾಣುತ್ತದೆ. ಕೀಟನ್ ವಿಷಯದಲ್ಲಿ ಇದು ಬಹಳ ಮುಖ್ಯ. ಅವನು ನಗುವುದಿಲ್ಲ. ಎಂಥ ಗಂಡಾಂತರ ಬಂದರೂ ಮುಖ ಕಲ್ಲಿನ ಹಾಗೆ. ಅವನ ಮನಸ್ಸಿನಲ್ಲಿ ಏನಿದೆ ಅನ್ನುವುದು ಆ ದೊಡ್ಡ ಕಣ್ಣುಗಳಲ್ಲಿ ಮಾತ್ರ ತಿಳಿಯುತ್ತದೆ. ಮಸುಕಾದ ಡಿಸ್ಕಿನಲ್ಲಿ ಕೀಟನ್ ನೋಡಿದರೆ ಅರ್ಧ ಕೀಟನ್ ಕಳೆದುಹೋದ ಹಾಗೆ.

ಅಪ್ಪ ಮೊದಲ ಸಲ ನಮಗಿಂತ ಮುಂಚೆ ನಕ್ಕದ್ದು 'ದಿ ಜನರಲ್'ನಲ್ಲಿ. 1926ರ ಚಿತ್ರ. ಅಮೆರಿಕದ ಅಂತರ್ಯುದ್ಧದಲ್ಲಿ, 1862ರಲ್ಲಿ ಒಂದು ರೈಲನ್ನು ಕದ್ದೊಯ್ದ ನಿಜವಾದ ಘಟನೆ ಇದರ ಮೂಲ. ಕೀಟನ್ ಎಂಜಿನ್ ಡ್ರೈವರ್. ಸೈನ್ಯಕ್ಕೆ ಸೇರಿಸಿಕೊಳ್ಳಲಿಲ್ಲ ಅಂತ ಅವನ ಹುಡುಗಿ ಸಿಟ್ಟಾಗಿ ಹೋಗುತ್ತಾಳೆ. ಇವನು ಸುಮ್ನೆ ಹೋಗಿ ಎಂಜಿನ್ನಿನ ಗಾಲಿಗಳನ್ನು ಜೋಡಿಸುವ ಕಬ್ಬಿಣದ ದಂಡದ ಮೇಲೆ ಕೂರುತ್ತಾನೆ. ತಲೆ ತಗ್ಗಿಸಿ ಯೋಚನೆಯಲ್ಲಿ ಮುಳುಗಿದ್ದಾನೆ. ಎಂಜಿನ್ ಮೆಲ್ಲಗೆ ಹೊರಡುತ್ತದೆ. ದಂಡ ಅವನನ್ನು ಎತ್ತುತ್ತದೆ, ಇಳಿಸುತ್ತದೆ, ಮತ್ತೆ ಎತ್ತುತ್ತದೆ. ಅವನಿಗೆ ಗೊತ್ತೇ ಇಲ್ಲ. ಗೊತ್ತಾಗುವಷ್ಟರಲ್ಲಿ ಎಂಜಿನ್ ಶೆಡ್ಡಿನ ಒಳಗೆ ಹೋಗಿರುತ್ತದೆ.

ಅಪ್ಪ ಜೋರಾಗಿ ನಕ್ಕರು. ಆಮೇಲೆ ತಟ್ಟನೆ ಸುಮ್ಮನಾದರು. "ಅಲ್ಲಿ ಕುಂಡ್ರಬಾರದವಾ, ಗಾಲಿ ಜಾರಿದ್ರ ಮನಷಾ ಉಳಿಯಂಗಿಲ್ಲ" ಅಂದರು. ಮಗ್ಗ ಶುರುವಾಗುವಾಗ ಶಾಫ್ಟ್ ಹೇಗೆ ಜಗ್ಗುತ್ತದೆ ಅಂತ ಕೈಯಲ್ಲಿ ಮಾಡಿ ತೋರಿಸಿದರು. ಅವರು ಹೇಳಿದ್ದು ಸರಿ. ಉಗಿ ಎಂಜಿನ್ ಹೊರಡುವಾಗ ಉಗಿ ಸ್ವಲ್ಪ ಹೆಚ್ಚಾದರೂ ಗಾಲಿ ಅಲ್ಲೇ ಗರಗರ ತಿರುಗಿಬಿಡುತ್ತದೆ. ಕೀಟನ್ ನಿಜವಾದ ಎಂಜಿನ್ ಮೇಲೆ, ತಾನೇ ಕೂತು ಅದನ್ನು ಮಾಡಿದ. ನಮಗೆ ಅದು ತಮಾಷೆ ಮಾತ್ರ. ಮಷಿನ್ ಜೊತೆ ಬದುಕಿದ ಅಪ್ಪನಿಗೆ ತಮಾಷೆಯ ಜೊತೆ ಅದರ ಬೆಲೆಯೂ ಕಂಡಿತು. ಆವತ್ತಿನಿಂದ ಕೀಟನ್ ಅವರ ಮನುಷ್ಯನಾದ.

ಅದೇ ಚಿತ್ರದಲ್ಲಿ ಉರಿಯುವ ಸೇತುವೆ ಮೇಲೆ ರೈಲು ಹೋಗಿ ನದಿಗೆ ಬೀಳುತ್ತದೆ. ಅದೂ ಆಟಿಕೆ ಅಲ್ಲ, ನಿಜವಾದ ಎಂಜಿನ್. ಒರೆಗಾನ್ ರಾಜ್ಯದ ಕಾಟೇಜ್ ಗ್ರೋವ್ ಹತ್ತಿರ ತೆಗೆದದ್ದು. ಇಷ್ಟು ಖರ್ಚು ಮಾಡಿದ ಚಿತ್ರ ಬಿಡುಗಡೆಯಾದಾಗ ಸರಿಯಾಗಿ ಓಡಲಿಲ್ಲ. ನನಗೆ ಅದು ಇಂದಿಗೂ ನಂಬಲು ಆಗುವುದಿಲ್ಲ.

ಮನೆಯಲ್ಲಿ ಡಿಸ್ಕ್ ಇಟ್ಟುಕೊಳ್ಳುವ ಲಾಭ ಏನು ಅಂತ ಕೇಳಿದರೆ ನಾನು 'ಸ್ಟೀಮ್‌ಬೋಟ್ ಬಿಲ್ ಜೂನಿಯರ್' (1928) ತೋರಿಸುತ್ತೇನೆ. ಬಿರುಗಾಳಿಯಲ್ಲಿ ಕೀಟನ್ ಬೀದಿಯಲ್ಲಿ ನಿಂತಿದ್ದಾನೆ. ಹಿಂದಿನ ಮನೆಯ ಮುಂಗೋಡೆ ಪೂರ್ತಿ ಕಳಚಿ ಅವನ ಮೇಲೆ ಬೀಳುತ್ತದೆ. ಮೇಲಿನ ಕಿಟಕಿ ತೆರೆದಿದೆ. ಅವನು ನಿಂತ ಜಾಗಕ್ಕೆ ಸರಿಯಾಗಿ ಆ ಕಿಟಕಿ ಬರುತ್ತದೆ. ಗೋಡೆ ನೆಲಕ್ಕೆ ಬಿತ್ತು, ಅವನು ನಿಂತೇ ಇದ್ದಾನೆ. ಅಪ್ಪ ಇದನ್ನು ನಾಲ್ಕು ಸಲ ಹಿಂದಕ್ಕೆ ಓಡಿಸಲು ಹೇಳಿದರು. ನಾಲ್ಕನೇ ಸಲ ಕಿಟಕಿ ಅವನ ತಲೆ ದಾಟುವ ಹೊತ್ತಿಗೆ ನಿಲ್ಲಿಸಲು ಹೇಳಿ, ಎದ್ದು ಹೋಗಿ ಟಿವಿ ಮೇಲೆ ಬೆರಳಿಟ್ಟು ಸಂದಿ ಅಳೆದರು. ಭುಜಕ್ಕೂ ಚೌಕಟ್ಟಿಗೂ ನಡುವೆ ಬೆರಳು ಹೊಕ್ಕುವಷ್ಟೂ ಜಾಗ ಕಾಣಲಿಲ್ಲ. ಅಂವಾ ಮ್ಯಾಲೆ ನೋಡಲೇ ಇಲ್ಲ, ಅಂದರು. ನಾನು ಅದನ್ನು ಗಮನಿಸಿರಲೇ ಇಲ್ಲ. ಗೋಡೆ ಬೀಳುವ ತನಕ ಅವನು ಒಮ್ಮೆಯೂ ಕತ್ತೆತ್ತುವುದಿಲ್ಲ.

ಈ ಬೀಳುವ ವಿದ್ಯೆ ಅವನಿಗೆ ಸಿನಿಮಾದಲ್ಲಿ ಬಂದದ್ದಲ್ಲ. 1895ರಲ್ಲಿ ಹುಟ್ಟಿದ ಕೀಟನ್ ತೀರಾ ಚಿಕ್ಕವನಿದ್ದಾಗಲೇ ಅಪ್ಪ-ಅಮ್ಮನ ಜೊತೆ ವೇದಿಕೆ ಹತ್ತಿದ. ಅಪ್ಪ ಅವನನ್ನು ಎತ್ತಿ ಎಸೆಯುವುದೇ ಆ ಆಟದ ತಮಾಷೆ. ಬಾದಾಮಿಯ ಬನಶಂಕರಿ ಜಾತ್ರೆಗೆ ಬರುವ ನಾಟಕ ಕಂಪನಿಗಳನ್ನು ನೋಡಿದ ನಮಗೆ ಇದು ಬೇಗ ಅರ್ಥವಾಗುತ್ತದೆ. ಡೇರೆಯಲ್ಲೇ ಬೆಳೆದ ಮಗುವಿಗೆ ಮಾತಿಗಿಂತ ಮೊದಲು ಪಾತ್ರ ಬರುತ್ತದೆ. 'ಶೆರ್ಲಾಕ್ ಜೂನಿಯರ್' (1924) ತೆಗೆಯುವಾಗ ರೈಲಿಗೆ ನೀರು ತುಂಬುವ ಕೊಳವೆಯ ನೀರು ಬಡಿದು ಹಳಿಯ ಮೇಲೆ ಬಿದ್ದ. ಆಗ ಕತ್ತಿನ ಮೂಳೆ ಮುರಿದಿತ್ತು ಅನ್ನುವುದು ಎಷ್ಟೋ ವರ್ಷದ ನಂತರ ಡಾಕ್ಟರು ಎಕ್ಸ್‌ರೇ ನೋಡಿದಾಗ ಗೊತ್ತಾಯಿತು. ಆ ಪೆಟ್ಟು ಚಿತ್ರದಲ್ಲೇ ಇದೆ. ಬಿದ್ದವನು ಎದ್ದು ಓಡುತ್ತಾನೆ.

ಈಗ ಕೊಳ್ಳುವವರಿಗೆ ಒಂದೆರಡು ಮಾತು. ಒಂದು ರೀಜನ್ (ಪ್ರದೇಶ) ಡಿಸ್ಕ್ ಇನ್ನೊಂದು ರೀಜನ್ ಪ್ಲೇಯರಿನಲ್ಲಿ ಓಡದಿರಬಹುದು. ಅಮೆರಿಕದ ಡಿಸ್ಕ್ ರೀಜನ್ 1, ನಮ್ಮದು ರೀಜನ್ 5. ಎಲ್ಲ ರೀಜನ್ ಓಡಿಸುವ ಪ್ಲೇಯರ್ ಇದೆಯಾ ಅಂತ ಮೊದಲೇ ಕೇಳಿ. ಇನ್ನೊಂದು, ಟಿವಿಯ ಸೆಟ್ಟಿಂಗ್. ಹಳೇ ಚಿತ್ರಗಳು ಹೆಚ್ಚುಕಡಿಮೆ ಚೌಕ. ಈಗಿನ ಅಗಲ ಟಿವಿ ಅದನ್ನು ಎಳೆದು ತುಂಬಿಸುತ್ತದೆ, ಇಲ್ಲವೇ ಜೂಮ್ ಮಾಡಿ ತಲೆ-ಕಾಲು ಕತ್ತರಿಸುತ್ತದೆ. ಕೀಟನ್ ಯಾವಾಗಲೂ ತಲೆಯಿಂದ ಕಾಲಿನ ತನಕ ಕಾಣಬೇಕು, ಅವನ ಕಾಲೂ ಮಾತಾಡುತ್ತದೆ. 4:3ಕ್ಕೆ ಇಡಿ. ಎರಡೂ ಬದಿಗೆ ಕಪ್ಪು ಪಟ್ಟಿ ಬಂದರೆ ಬರಲಿ.

ನಮ್ಮ ಊರಿನವರಿಗೆ ಇನ್ನೊಂದು ತೊಂದರೆ ಇದೆ, ಹತ್ತಿಯ ಧೂಳು. ಮಗ್ಗದ ಶೆಡ್ ಮನೆಗೆ ಅಂಟಿಕೊಂಡೇ ಇರುತ್ತದೆ. ನೂಲಿನ ಸಣ್ಣ ಎಳೆ ಪ್ಲೇಯರಿನ ಒಳಗೆ ಹೋಗಿ ಲೆನ್ಸಿಗೆ ಕೂರುತ್ತದೆ. ಎರಡನೇ ವರ್ಷವೇ ಒಂದು ಪ್ಲೇಯರ್ ಕೈಕೊಟ್ಟಿತು. ಈಗ ಅವ್ವ ಹೊಲಿದ ಹಳೇ ಸೀರೆಯ ಮುಸುಕು ಹಾಕಿ ಇಡುತ್ತೇವೆ. ಡಿಸ್ಕನ್ನು ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು. ಸುತ್ತಲೂ ತಿರುಗಿಸಿ ಒರೆಸಿ ನಾನು 'ದಿ ನ್ಯಾವಿಗೇಟರ್' ಡಿಸ್ಕಿಗೆ ಗೀರು ಬೀಳಿಸಿದೆ. ಆ ಬೇಜಾರು ಇನ್ನೂ ಇದೆ.

ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ ಅಂತ ಹೇಳುವವರಿದ್ದಾರೆ. ನಿಜ, ಇವುಗಳ ಹಕ್ಕಿನ ಅವಧಿ ಅಮೆರಿಕದಲ್ಲಿ ಮುಗಿದಿದೆ. ಆದರೆ ಯಾರು ಬೇಕಾದರೂ ಯಾವ ಪ್ರಿಂಟ್ ಬೇಕಾದರೂ ಹಾಕಬಹುದು ಅನ್ನುವುದೇ ಅದರ ತೊಂದರೆ. ನನ್ನ 99 ರೂಪಾಯಿ ಡಿಸ್ಕಿನಂಥದ್ದೇ ಅಲ್ಲೂ ಬೇಕಾದಷ್ಟಿವೆ. ಹುಡುಕಿ ನೋಡುವ ತಾಳ್ಮೆ ಇದ್ದರೆ ಒಳ್ಳೆಯದೂ ಸಿಗುತ್ತದೆ.

ನಡುವೆ ಬರುವ ಬರಹದ ಕಾರ್ಡುಗಳು ಇಂಗ್ಲಿಷಿನಲ್ಲಿವೆ, ಕನ್ನಡ ಸಬ್‌ಟೈಟಲ್ ಇಲ್ಲ. ಮೊದಮೊದಲು ನಾನು ಅಪ್ಪನಿಗೆ ಸನ್ನೆ ಮಾಡಿ ಹೇಳುತ್ತಿದ್ದೆ. ಒಂದು ದಿನ ಬೇಡ ಅಂತ ಕೈ ಆಡಿಸಿದರು. ಕೀಟನ್ ಕಾರ್ಡುಗಳನ್ನು ಕಡಿಮೆ ಬಳಸುತ್ತಿದ್ದ, ಕಥೆ ಕಣ್ಣಿಗೇ ತಿಳಿಯುತ್ತದೆ. ಸಂಗೀತ ಚೆನ್ನಾಗಿದೆ, ಅವ್ವನಿಗೆ ಪಿಯಾನೊ ಇಷ್ಟ. ವಾಲ್ಯೂಮ್ ಸಣ್ಣಗೆ ಇಡುತ್ತೇವೆ. ಮುಂಚೆ ಟಿವಿ ಸದ್ದಿಗೆ ದಿನಾ ಜಗಳವಾಗುತ್ತಿದ್ದ ಮನೆ ಇದು.

ಒಂದು ವಿಷಯ ಮುಚ್ಚಿಡಬಾರದು. 'ಕಾಲೇಜ್' (1927), 'ಸೆವೆನ್ ಚಾನ್ಸಸ್' (1925) ಚಿತ್ರಗಳಲ್ಲಿ ಬಿಳಿಯರು ಮುಖಕ್ಕೆ ಕಪ್ಪು ಬಳಿದುಕೊಂಡು ಕಪ್ಪು ಜನರನ್ನು ಗೇಲಿ ಮಾಡುವ ಭಾಗಗಳಿವೆ. ನನಗೆ ಅವು ನಗು ತರುವುದಿಲ್ಲ. ಮಕ್ಕಳ ಜೊತೆ ನೋಡುವಾಗ ಅಲ್ಲಿ ನಿಲ್ಲಿಸಿ, ಇದು ತಪ್ಪು ಅಂತ ಹೇಳುತ್ತೇನೆ.

ಇವೆಲ್ಲ ಉಳಿದು ನಮ್ಮ ತನಕ ಬಂದದ್ದೇ ದೊಡ್ಡದು. 1928ರಲ್ಲಿ ಕೀಟನ್ ತನ್ನ ಸ್ವಂತ ಸ್ಟುಡಿಯೊ ಬಿಟ್ಟು ದೊಡ್ಡ ಕಂಪನಿಗೆ ಸೇರಿದ ಮೇಲೆ ಅವನ ಮಾತು ನಡೆಯಲಿಲ್ಲ. ಜನ ಮರೆತರು. 1950ರ ದಶಕದಲ್ಲಿ, ಅವನ ಹಳೇ ಮನೆಯನ್ನು ಕೊಂಡಿದ್ದ ನಟ ಜೇಮ್ಸ್ ಮೇಸನ್‌ಗೆ ಅಲ್ಲಿ ಕೀಟನ್ ಚಿತ್ರಗಳ ಡಬ್ಬಿಗಳು ಸಿಕ್ಕವು. ಆ ಕಾಲದ ಫಿಲ್ಮ್ ಬೇಗ ಬೆಂಕಿ ಹಿಡಿಯುವ, ತಾನಾಗಿಯೇ ಕೊಳೆಯುವ ವಸ್ತು. ಇನ್ನಷ್ಟು ವರ್ಷ ಹಾಗೇ ಬಿದ್ದಿದ್ದರೆ ಏನಾಗುತ್ತಿತ್ತೋ. 1966ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಜನ ತನ್ನ ಚಿತ್ರಗಳನ್ನು ಮತ್ತೆ ನೋಡಿ ನಗುವುದನ್ನು ಅವನು ನೋಡಿದ್ದ. ಅದು ನನಗೆ ಸಮಾಧಾನ.

ಎಲ್ಲಿಂದ ಶುರು ಮಾಡಬೇಕು ಅಂದರೆ 'ಒನ್ ವೀಕ್' (1920) ಹಚ್ಚಿ. ಬರೀ ಎರಡು ರೀಲು. ಹೊಸ ಜೋಡಿ ಪೆಟ್ಟಿಗೆಯಲ್ಲಿ ಬಂದ ಮನೆಯನ್ನು ತಾವೇ ಜೋಡಿಸುತ್ತಾರೆ. ಆಗದವನೊಬ್ಬ ಪೆಟ್ಟಿಗೆಗಳ ನಂಬರ್ ಬದಲಿಸಿರುತ್ತಾನೆ. ಮನೆ ಸೊಟ್ಟ ನಿಲ್ಲುತ್ತದೆ, ಗಾಳಿ ಬಂದರೆ ಬುಗುರಿಯ ಹಾಗೆ ತಿರುಗುತ್ತದೆ. ನಮ್ಮ ಮಗನಿಗೆ ಈಗ ಐದು ವರ್ಷ. ಈ ರಜೆಗೆ ಅವನಿಗೆ ಅದನ್ನು ತೋರಿಸಬೇಕು ಅಂತ ಅಪ್ಪ ಎರಡು ದಿನದಿಂದ ಗಾಳಿಯಲ್ಲಿ ಬೆರಳು ಗರಗರ ತಿರುಗಿಸಿ ನೆನಪಿಸುತ್ತಿದ್ದಾರೆ. ಡಿಸ್ಕ್ ಒರೆಸಿ ತೆಗೆದಿಟ್ಟಿದ್ದೇನೆ.